ಸತ್ತವರಿಗೂ ಮೂರು

"ಸತ್ತವರಿಗೂ ಮೂರು ಕೊಡ್ತಾರಂತಲ್ಲ, ಯಾಕೆ?"

ಬಸವಪ್ರಸಾದ ಅದನ್ನು ಯಾರನ್ನೂ ಕೇಳಿರಲಿಲ್ಲ. ಮನಸ್ಸಿನೊಳಗೇ ತಿರುಗುತ್ತಿದ್ದದ್ದು ಬಾಯಿಂದ ಹೊರಗೆ ಬಿದ್ದಿದೆ ಎಂದು ಗೊತ್ತಾದದ್ದು, ಎದುರು ಸಾಲಿನಲ್ಲಿ ಟಿಫಿನ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸು ತಲೆಯೆತ್ತಿ ನೋಡಿದಾಗ. ತಕ್ಷಣ ಅವನು ಫೋನಿನಲ್ಲಿ ಮಾತಾಡುತ್ತಿರುವವನಂತೆ ಕಿವಿಗೆ ಕೈ ಹಚ್ಚಿದ. ಕೈಯಲ್ಲಿ ಫೋನು ಇರಲಿಲ್ಲ. ಅದು ಆಕೆಗೂ ಕಂಡಿತು. ಆಕೆ ಕಂಡರೂ ಕಾಣದವಳಂತೆ ಡಬ್ಬಿಯ ಮುಚ್ಚಳ ಒತ್ತಿ ನೋಡಿಕೊಂಡಳು. ಬಸವಪ್ರಸಾದನ ಕೈ ಕಿವಿಯಿಂದ ಇಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಅಂಗಿಯ ಎಡ ಜೇಬಿನ ಮೇಲೆ ಬಂದು ಕೂತಿತು. ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಲಿಂಗ. ಅವನದಲ್ಲ. ಅವನದು ಕತ್ತಿನಲ್ಲಿ, ಬನಿಯನ್ನಿನ ಒಳಗೆ, ಇರಬೇಕಾದ ಜಾಗದಲ್ಲೇ ಇತ್ತು. ಜೇಬಿನಲ್ಲಿದ್ದದ್ದು ತಮ್ಮ ಶಿವಕಿರಣನದು. ಬೆಳಿಗ್ಗೆ ಪೂಜೆ ಮುಗಿಸಿ ಏಳುವಾಗ ಯಾಕೆ ಅದನ್ನು ದೇವರ ಕೋಣೆಯ ತಟ್ಟೆಯಿಂದ ಎತ್ತಿಕೊಂಡನೋ ಅವನಿಗೆ ಆಗ ತಿಳಿದಿರಲಿಲ್ಲ. ಈಗಲೂ ತಿಳಿದಿಲ್ಲ ಎಂದು ಅಂದುಕೊಂಡ.

ನಿನ್ನೆ ಸಂಜೆ ಡಾಕ್ಟರ್ ಪ್ರೇರಣಾ, ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದಾದ ಹುಡುಗಿ, ಅವನನ್ನೂ ಸಂಗೀತಾಳನ್ನೂ ಐಸಿಯು ಬಾಗಿಲ ಬಳಿ ನಿಲ್ಲಿಸಿಕೊಂಡು ಬೆರಳು ಮಡಿಸುತ್ತಾ ಹೇಳಿದ್ದಳು. ತಲೆಗೆ ಪೆಟ್ಟಾದವರನ್ನು ನೋಡಲಿಕ್ಕೆ ಒಂದು ಅಂಕದ ಪದ್ಧತಿ ಇದೆ. ಕಣ್ಣು ತೆರೆಯುವುದಕ್ಕೆ ನಾಲ್ಕು, ಮಾತಿಗೆ ಐದು, ಕೈಕಾಲು ಅಲ್ಲಾಡಿಸುವುದಕ್ಕೆ ಆರು. ಒಟ್ಟು ಹದಿನೈದು. ಕಡಿಮೆ ಅಂದರೆ ಮೂರು. "ಸೊನ್ನೆ ಇಲ್ವಾ?" ಎಂದು ಬಸವಪ್ರಸಾದ ಕೇಳಿದ್ದ. "ಇಲ್ಲ ಸಾರ್. ಏನೂ ಇಲ್ಲದಿದ್ರೂ ಒಂದೊಂದಕ್ಕೆ ಒಂದೊಂದು. ಹೋದವರನ್ನ ನೋಡಿದ್ರೂ ಮೂರೇ ಬರುತ್ತೆ." ಅವನಿಗೆ ಅದು ಅರ್ಥವಾಗಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಅವನ ಗ್ರಂಧಿಗೆ ಅಂಗಡಿಯಲ್ಲಿ ತೂಕದ ಯಂತ್ರ ಸೊನ್ನೆಗೆ ಬಂದು ನಿಂತ ಮೇಲೆಯೇ ವಿಭೂತಿ ಗಟ್ಟಿ ಇಡುವುದು. ಸೊನ್ನೆಯೇ ಇಲ್ಲದ ತಕ್ಕಡಿಯಲ್ಲಿ ತಮ್ಮನನ್ನು ತೂಗುತ್ತಿದ್ದಾರೆ ಅನ್ನಿಸಿತ್ತು. ಶಿವಕಿರಣನಿಗೆ ಕಣ್ಣಿಗೆ ಒಂದು. ಗಂಟಲಲ್ಲಿ ಕೊಳವೆ ಇರುವುದರಿಂದ ಮಾತಿಗೆ ಒಂದು. ಕೈಗೆ ಮೂರು. ಐದು. ಕಣ್ಣಿಗೆ ಒಂದು, ಮಾತಿಗೆ ಒಂದು, ಕೈಗೆ ಮೂರು. ಬೆಳಗಿನಿಂದ ಅದು ತಲೆಯೊಳಗೆ ರಾಗವಾಗಿ ಓಡುತ್ತಿತ್ತು, ಅಮ್ಮ ನಸುಕಿನಲ್ಲಿ ಹೇಳಿಕೊಳ್ಳುತ್ತಿದ್ದ ಸಾಲುಗಳ ಹಾಗೆ. ಒಂದೇ ಕಂಬಳಿಯೊಳಗೆ ಅಣ್ಣ ತಮ್ಮ ಇಬ್ಬರೂ ಎಚ್ಚರವಾಗಿ ಮಲಗಿರುತ್ತಿದ್ದರು. ಅಮ್ಮ ಒಲೆಯ ಮುಂದೆ ಕೂತು ಬೆಂಕಿಗೆ ಹೇಳುವಂತೆ ಹೇಳುತ್ತಿದ್ದಳು. ಬಸವಪ್ರಸಾದ ಕೇಳುತ್ತಿದ್ದ, ಅಷ್ಟೆ. ಕೇಳಿದ್ದು ಮೈಗೆ ಬೆಚ್ಚಗೆ ಹತ್ತುತ್ತಿತ್ತು. ಕಿರಣ ಮಾತ್ರ ಕಂಬಳಿಯಿಂದ ತಲೆ ಹೊರಗೆ ಹಾಕಿ, "ಅಮ್ಮ, ಹಂಗಂದ್ರೆ ಏನು?" ಎಂದು ಕೇಳಿಬಿಡುತ್ತಿದ್ದ. ಸಾಲು ಅಲ್ಲೇ ಕಡಿಯುತ್ತಿತ್ತು. ಅಮ್ಮನಿಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಬರುತ್ತಿದ್ದದ್ದು ಅಣ್ಣನಿಗೆ.

ಮೆದುಳು ಊದಿಕೊಳ್ಳುತ್ತಿದೆ ಎಂದು ದೊಡ್ಡ ಡಾಕ್ಟರು ನಿನ್ನೆ ಹೇಳಿದ್ದರು. ತಲೆಯ ಮೂಳೆ ಒಂದು ಭಾಗ ತೆಗೆದು ಊತಕ್ಕೆ ಜಾಗ ಮಾಡಿಕೊಡುವ ಆಪರೇಷನ್ ಇದೆ. ಅದನ್ನು ಮಾಡಬೇಕೋ ಬೇಡವೋ ಎನ್ನುವುದು ಕೈಯ ಮೇಲೆ ನಿಂತಿದೆ. ಬೆಳಿಗ್ಗೆ ನಿದ್ದೆಯ ಔಷಧಿ ನಿಲ್ಲಿಸಿ ಇನ್ನೊಂದು ಸಲ ನೋಡುತ್ತೇವೆ, ಕೈಗೆ ಐದು ಬಂದರೆ ಆಪರೇಷನ್ನಿಗೆ ಕರೆದುಕೊಳ್ಳುತ್ತೇವೆ, ಮೂರೇ ಇದ್ದರೆ ತಲೆ ತೆರೆದು ಪ್ರಯೋಜನವಿಲ್ಲ. "ವಯಸ್ಸು, ಬಿ.ಪಿ., ಉಸಿರು, ಎಲ್ಲೆಲ್ಲಿ ಎಷ್ಟೆಷ್ಟು ಪೆಟ್ಟು, ಎಲ್ಲಾ ಸೇರಿಸಿ ಒಂದು ಲೆಕ್ಕ ಬರುತ್ತೆ. ಇಂಥಾ ನೂರು ಜನದಲ್ಲಿ ಹತ್ತೊಂಬತ್ತು ಜನ ಉಳೀತಾರೆ." ಅವರು ಕೆಟ್ಟವರಲ್ಲ. ಹೇಳುವಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಆ ನೂರು ಜನ ಬಸವಪ್ರಸಾದನ ಕಣ್ಣಿಗೆ ಪಂಕ್ತಿಯಲ್ಲಿ ಕೂತವರ ಹಾಗೆ ಕಂಡರು. ಮಠದ ದಾಸೋಹದ ಉದ್ದನೆಯ ಹಜಾರ, ನೂರು ಎಲೆ, ನೂರು ಜನಕ್ಕೂ ಒಂದೇ ಥರ ಪೆಟ್ಟಾದ ತಲೆ. ಊಟ ಮುಗಿದ ಮೇಲೆ ಹತ್ತೊಂಬತ್ತು ಜನ ಕೈ ತೊಳೆಯಲು ಏಳುತ್ತಾರೆ. ಕಿರಣ ಎಲ್ಲಿ ಕೂತಿದ್ದಾನೆ ಎಂದು ಅವನು ಆ ಸಾಲಿನಲ್ಲಿ ಹುಡುಕುತ್ತಾ ಹೋದ. ಕಿರಣ ಆ ಸಾಲಿನಲ್ಲಿ ಇರಲಿಲ್ಲ. ಹೇಗಿರುತ್ತಾನೆ? ಮನೆಯ ಪಂಕ್ತಿಯಿಂದ ಎಬ್ಬಿಸಿ, ನಡುಮನೆಯ ಆಚೆ, ಹೊಲಿಗೆ ಯಂತ್ರದ ಪಕ್ಕ ಎಲೆ ಹಾಕಿಸಿದವನು ತಾನೇ ಅಲ್ಲವೆ? ಕಿರಣ ಏನೂ ಅನ್ನದೆ ಅಲ್ಲಿ ಕೂತು ಉಂಡಿದ್ದ. ಮಜ್ಜಿಗೆಯನ್ನೂ ಕೇಳಿ ಹಾಕಿಸಿಕೊಂಡಿದ್ದ.

"ನಿಮ್ಮೋರು ಯಾರಪ್ಪ ಒಳಗೆ?" ಎದುರಿನ ಹೆಂಗಸು ಕೇಳಿದಳು. ಹೆಸರು ಲಕ್ಷ್ಮಮ್ಮ, ಸುದ್ದಗುಂಟೆಪಾಳ್ಯದವಳು. ಎರಡು ದಿನದಿಂದ ಅದೇ ಕುರ್ಚಿಯಲ್ಲಿ ಕೂತು ಆಚೀಚೆಯವರಿಗೆಲ್ಲ ಪರಿಚಯವಾಗಿದ್ದಳು.

"ತಮ್ಮ."

"ಎಷ್ಟಂತೆ?"

ಆ ಹಜಾರದಲ್ಲಿ ಏನಾಯಿತು, ಹೇಗಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಎಷ್ಟು ಎಂದೇ ಕೇಳುತ್ತಿದ್ದರು, ರಿಸಲ್ಟ್ ಬಂದ ದಿನ ಬೀದಿಯಲ್ಲಿ ಕೇಳುವ ಹಾಗೆ.

"ಐದು."

ಲಕ್ಷ್ಮಮ್ಮ ಕಣ್ಣನ್ನು ಡಬ್ಬಿಗೆ ಇಳಿಸಿದಳು. ಹಾಗೆ ಇಳಿಸಿದ್ದರಲ್ಲಿದ್ದ ಮರ್ಯಾದೆ ಅವನಿಗೆ ಚುಚ್ಚಿತು. ಫೇಲಾದ ಹುಡುಗನ ಮನೆಗೆ ಬಂದ ನೆಂಟರು ಬೇರೆ ಮಾತು ತೆಗೆಯುತ್ತಾರಲ್ಲ, ಆಕೆಯೂ ತೆಗೆದಳು. "ನಮ್ಮ ಯಜಮಾನ್ರಿಗೆ ಹದಿನೈದು. ಇಸ್ಕೂಲಲ್ಲಿ ಯಾವತ್ತೂ ಅಷ್ಟು ತಗೊಂಡೋರಲ್ಲ. ಟ್ಯಾಂಕ್ ತುಂಬ್ತಾ ಅಂತ ನೋಡಕ್ಕೆ ಮೇಲಕ್ಕತ್ತಿ ಬಿದ್ರು. ಬಾಡಿಗೆ ಹುಡುಗ್ರು ಎಂಟು ಜನ ಅವ್ರೆ ಮನೇಲಿ, ಒಬ್ಬನಿಗೆ ಹೇಳಿದ್ರೆ ಹತ್ತಿ ನೋಡ್ತಿದ್ದ. ಇಲ್ಲ, ತಾನೇ ಹತ್ತಬೇಕು. ಅವರ ಟ್ಯಾಂಕಲ್ವಾ." ತನ್ನ ಮಾತಿಗೆ ತಾನೇ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನೆವರೆಗೆ ಹದಿನಾಲ್ಕು ಅಂತಿದ್ರು. ಒಂದು ನಾನೇ ಹಾಕಿಸ್ದೆ."

"ಹಾಕಿಸಿದ್ರಾ?"

"ಹೂ ಕಣಪ್ಪ. ಆ ಡಾಕ್ಟ್ರು ಹುಡುಗಿ ಇವರನ್ನ ಕೇಳವಳೆ, ಅಜ್ಜಾ ಎಲ್ಲಿದ್ದೀರಿ ಈಗ ಅಂತ. ಇವರು ನಮ್ಮ ಹೊಲದಲ್ಲಿದೀನಿ ಅಂದವ್ರೆ. ತಲೆ ಕೆಟ್ಟದೆ ಅಂತ ಒಂದು ಕಿತ್ಕೊಂಬುಟ್ಟವಳೆ. ನಾನಂದೆ, ಕೂಸೇ, ಇದು ನಿಜವಾಗ್ಲೂ ನಮ್ಮ ಮಾವನೋರ ಹೊಲಾನೇ. ಲೇಔಟ್ ಆಗೋಕ್ಕೆ ಮುಂಚೆ ಇಲ್ಲಿಂದ ಆ ಪೆಟ್ರೋಲ್ ಬಂಕ್‌ವರೆಗೂ ರಾಗಿ ಬೆಳೀತಿದ್ರು. ನೀನೇ ಹೋಗಿ ಇನ್ನೊಂದ್ಸಲ ಕೇಳು ಅಂದೆ. ಕೇಳುದ್ಲು. ಏನಂದ್ರಂತೆ ಗೊತ್ತಾ? ನಮ್ಮ ಹೊಲದ ಮೇಲೆ ಯಾವನೋ ಆಸ್ಪತ್ರೆ ಕಟ್ಟವ್ನೆ, ಅಲ್ಲಿದೀನಿ ಅಂದ್ರಂತೆ. ನಗ್ತಾ ನಗ್ತಾ ಬಂದು ಹದಿನೈದು ಮಾಡುದ್ಲು." ಲಕ್ಷ್ಮಮ್ಮ ಡಬ್ಬಿಯನ್ನು ಸರಿಯಾಗಿಟ್ಟುಕೊಂಡಳು. "ಹೇಳೋರು ಇರಬೇಕಪ್ಪ. ಅವಕ್ಕೆ ಹೆಂಗೆ ಗೊತ್ತಾಯ್ತದೆ ನಮ್ಮ ಸಂಗತಿ?"

ಹೇಳೋರು ಇರಬೇಕು. ಬಸವಪ್ರಸಾದನ ಕೈ ಮತ್ತೆ ಜೇಬಿಗೆ ಹೋಯಿತು.

"ಶಿವಕಿರಣ್ ಕಡೆಯೋರು, ಒಬ್ಬರು." ಸೆಕ್ಯೂರಿಟಿಯವನು ಕೂಗಿದ. ಸಂಗೀತಾ ಔಷಧಿ ತರಲು ಕೆಳಗೆ ಹೋಗಿದ್ದಳು. ಅವಳು ಬರಲಿ ಎಂದು ಕಾಯಬಹುದಿತ್ತು. ಹೆಂಡತಿಯಲ್ಲವೆ, ಒಳಗೆ ಹೋಗುವ ಹಕ್ಕು ಅವಳದು. ಆದರೆ ಅವನು ಎದ್ದುಬಿಟ್ಟ. ಚಪ್ಪಲಿ ಬಿಟ್ಟು, ಬಟ್ಟೆಯ ಮೇಲೆ ಹಸಿರು ಗೌನು ಹಾಕಿಕೊಳ್ಳುವಾಗ ಹಿಂದಿನ ಲಾಡಿ ಕೈಗೆ ಸಿಗದೆ ಅವನು ಒಂದು ಸುತ್ತು ತಿರುಗಿದ. ಸೆಕ್ಯೂರಿಟಿಯವನು, "ಕಟ್ಟೋದ್ ಬ್ಯಾಡ ಅಂಕಲ್, ಹಂಗೇ ಹೋಗಿ, ಯಾರ್ ನೋಡ್ತಾರೆ" ಅಂದ. ಹಿಂದೆ ತೆರೆದಿದ್ದ ಗೌನಿನಲ್ಲಿ ಅವನು ಒಳಗೆ ನಡೆದ. ಗುರುಗಳ ಮುಂದೆ ಹೋಗುವಾಗ ಶಲ್ಯ ಜಾರಿದರೆ ಆಗುವಂಥ ನಾಚಿಕೆ ಬೆನ್ನ ಮೇಲೆ ಹರಿದಾಡಿತು.

ಕಿರಣನ ಮುಖ ಕಿರಣನದಾಗಿರಲಿಲ್ಲ. ಅದನ್ನು ನೋಡುವುದನ್ನು ಅವನು ಮೊದಲ ದಿನವೇ ಬಿಟ್ಟಿದ್ದ. ಕೈಗಳನ್ನು ನೋಡುತ್ತಿದ್ದ. ಕೈಗಳು ಬದಲಾಗಿರಲಿಲ್ಲ. ಎಡಗೈಯ ಕಿರುಬೆರಳ ಪಕ್ಕದಲ್ಲಿ ಕೆಂಪು ಇಂಕಿನ ಒಂದು ಸಣ್ಣ ಕಲೆ ಇನ್ನೂ ಇತ್ತು. ಬನಶಂಕರಿಯ ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಕಲಿಸುತ್ತಿದ್ದವನು, ಎಡಗೈಯಲ್ಲೇ ಬರೆಯುತ್ತಿದ್ದವನು. ಒಂದು ಸಲ ಅಂಗಡಿಯ ಹಳೆಯ ಗಿರಾಕಿಯೊಬ್ಬರ ಮಗನ ಪೇಪರು ಇವನ ಕೈಗೇ ಬಂದಿದೆ ಎಂದು ಹೇಗೋ ಗೊತ್ತಾಗಿ, ಬಸವಪ್ರಸಾದ ಬಾಯಿಬಿಟ್ಟು ಕೇಳಿದ್ದ: ಎರಡೇ ಮಾರ್ಕ್ಸ್ ಕಣೋ, ಹುಡುಗ ಪಾಸಾಗ್ತಾನೆ. ಕಿರಣ ತಲೆ ಎತ್ತಿರಲಿಲ್ಲ. "ಬರೀದೇ ಇರೋದಕ್ಕೆ ಹೆಂಗೆ ಕೊಡಲಿ ಅಣ್ಣ?" ಎಂದಿದ್ದ. ಎಷ್ಟು ಸೌಮ್ಯವಾಗಿ ಎಂದರೆ, ಬೈದಿದ್ದರೆ ಚೆನ್ನಾಗಿತ್ತು. ಲಿಂಗವನ್ನು ಕತ್ತಿನಿಂದ ತೆಗೆದು ತಟ್ಟೆಯಲ್ಲಿಟ್ಟ ದಿನವೂ ಅದೇ ಸೌಮ್ಯ ದನಿ. "ಇದು ನನಗೆ ಬರೀ ಕಲ್ಲು ಅನ್ನಿಸ್ತಿದೆ ಅಣ್ಣ. ಹಾಗನ್ನಿಸುವಾಗ ಕಟ್ಕೊಂಡು ತಿರುಗೋದು ಅದಕ್ಕೆ ಅವಮಾನ. ನಿನ್ನ ಹತ್ರ ಇರಲಿ." ಇರಲಿ ಎಂದು ಕೊಟ್ಟವನ ಮುಖ ನೋಡಿ, ದೇವರ ಕೋಣೆಯ ಹೊಸ್ತಿಲ ಮೇಲೆ ನಿಂತು ಬಸವಪ್ರಸಾದ ಹೇಳಿದ್ದ: ಲಿಂಗ ಬಿಟ್ಟವನು ಪ್ರಾಣ ಬಿಟ್ಟ ಹಾಗೆ, ನನ್ನ ಪಾಲಿಗೆ ನೀನು ಸತ್ತೆ. ಸಂಗೀತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸತ್ತೆ ಎಂದ ಮೇಲೂ ಬಸವಪ್ರಸಾದ ದಿನಾ ತನ್ನ ಪೂಜೆಯಾದ ನಂತರ ಆ ಲಿಂಗಕ್ಕೂ ಒಂದು ಉದ್ಧರಣೆ ನೀರು ಹಾಕುತ್ತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಅದರ ತೂಕ ಅವನ ಅಂಗೈಗೆ ಗೊತ್ತಿತ್ತು. ತನ್ನದಕ್ಕಿಂತ ಒಂದಿಷ್ಟು ಹಗುರ.

"ಬನ್ನಿ ಸಾರ್," ಎಂದಳು ಪ್ರೇರಣಾ. "ಈಗ ಸರ್ ರೌಂಡ್ಸ್‌ಗೆ ಬರ್ತಾರೆ. ಅದಕ್ಕೆ ಮುಂಚೆ ನಾನೊಂದ್ಸಲ ನೋಡ್ತೀನಿ. ನೀವು ಬೇಕಾದ್ರೆ ಆ ಕಡೆ ತಿರುಗಿ."

ಅವನು ತಿರುಗಲಿಲ್ಲ. ಅವಳು ಶಿವಕಿರಣರೇ, ಶಿವಕಿರಣರೇ ಎಂದು ಕಿವಿಯ ಬಳಿ ಗಟ್ಟಿಯಾಗಿ ಕರೆದಳು. ಕ್ಲಾಸಿನಲ್ಲಿ ನಿದ್ದೆ ಹೋದ ಹುಡುಗನನ್ನು ಕರೆಯುವ ಹಾಗಿತ್ತು. ಏನೂ ಇಲ್ಲ. ಆಮೇಲೆ ಹುಬ್ಬಿನ ಎಲುಬಿನ ಅಂಚಿಗೆ ಹೆಬ್ಬೆರಳಿಟ್ಟು ಬಲವಾಗಿ ಒತ್ತಿದಳು. ಒತ್ತುವಾಗ ಅವಳ ಮುಖವೂ ಕಿವುಚಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಿರಣನ ಎಡಗೈ, ನೀರಿನೊಳಗಿಂದ ಏಳುವ ಹಾಗೆ, ಮೊಣಕೈಯಲ್ಲಿ ಮಡಿಸಿಕೊಂಡು ನಿಧಾನವಾಗಿ ಮೇಲೆ ಬಂತು. ಎದೆಯ ಎಡಭಾಗದ ಮೇಲೆ ಬಂದು ನಿಂತಿತು. ಅರ್ಧ ತೆರೆದ ಅಂಗೈ. ಬೆರಳುಗಳು ಏನನ್ನೋ ಹಿಡಿಯುವಂತೆ ಬಾಗಿದ್ದವು.

"ನೋಡಿ. ಕೈ ನನ್ನ ಬೆರಳ ಹತ್ರ ಬರಬೇಕಿತ್ತು. ಒತ್ತೋ ಕೈನ ತಳ್ಳಬೇಕಿತ್ತು. ಹಾಗೆ ಬಂದ್ರೆ ಐದು. ಹಿಂಗೆ ಎದೆ ಮೇಲೆ ಬಂದು ನಿಂತ್ರೆ ಮೂರು. ಇದು ಅವರು ಮಾಡ್ತಿರೋದಲ್ಲ ಸಾರ್, ತಾನಾಗಿ ಆಗೋದು." ಅವಳು ಬೆರಳು ತೆಗೆದಳು. ಕೈ ಇನ್ನೂ ಅಲ್ಲೇ ಇತ್ತು, ಎಡ ಎದೆಯ ಮೇಲೆ, ಅಂಗಿಗೆ ಜೇಬಿರುವ ಜಾಗದಲ್ಲಿ. ನಾಲ್ಕು ದಿನದ ಹಿಂದೆ ಫೋನಿನಲ್ಲಿ ಕೇಳಿದ ಮಾತು: ಜೇಬಿಂದ ಫೋನ್ ತೆಗೆಯಕ್ಕೆ ಹೋದ್ರು ಸಾರ್, ಹ್ಯಾಂಡಲ್ಲಿಂದ ಎಡಗೈ ಬಿಟ್ರು, ಅಷ್ಟರಲ್ಲಿ ಗೂಡ್ಸ್ ಆಟೋ ಬಂದ್ಬಿಡ್ತು. ಸಾರಕ್ಕಿ ಸಿಗ್ನಲ್ ಹತ್ತಿರದ ಹಣ್ಣಿನ ಗಾಡಿಯವನ ದನಿ. ಕಿರಣನ ಫೋನಿನಿಂದಲೇ ಅವನು ಮಾತಾಡಿದ್ದ: ಅಣ್ಣ ಅಂತ ಸೇವಾಗಿದೆ, ಲಾಸ್ಟ್ ಕಾಲ್ ನಿಮ್ದೇ ಬಂದಿದೆ, ಅದಕ್ಕೆ ಮಾಡ್ದೆ. ಅಮ್ಮನ ಸ್ಮರಣೆಯ ದಿನ ಹತ್ತಿರ ಬಂದಿತ್ತು. ಗಣಾರಾಧನೆಗೆ ಸ್ವಾಮಿಗಳು ಬರುತ್ತಾರೆ, ನೀನು ಬರುವುದು ಬೇಡ, ಸಂಗೀತಾಳ ಕೈಲಿ ಪ್ರಸಾದ ಕಳಿಸುತ್ತೇನೆ ಎಂದು ಹೇಳಲಿಕ್ಕೆ ಬಸವಪ್ರಸಾದನೇ ಆ ಫೋನು ಮಾಡಿದ್ದ. ಎಂಥ ಮಾತಿಗೆ! ರಿಂಗಾಗಿ ರಿಂಗಾಗಿ ಕಡಿದು ಹೋಗಿತ್ತು. ಅಂಗಡಿಯಲ್ಲಿ ಕರ್ಪೂರ ಕಟ್ಟುತ್ತಾ ಅವನು ಎದುರಿದ್ದ ಗಿರಾಕಿಗೆ ಕೇಳುವಂತೆಯೇ, "ಅಹಂಕಾರ ನೋಡಿ, ಕಟ್ ಮಾಡ್ತಾನೆ" ಎಂದಿದ್ದ. ಈಗ ಕೈ ಎದೆಯ ಮೇಲಿತ್ತು. ನಾಲ್ಕು ದಿನದಿಂದ ಹುಬ್ಬಿಗೆ ಒತ್ತಿದಾಗಲೆಲ್ಲ ಅಲ್ಲಿಗೇ ಬರುತ್ತಿತ್ತಂತೆ. ಅದು ಏನನ್ನು ಎತ್ತಿಕೊಳ್ಳಲು ಬರುತ್ತಿದೆ ಎಂದು ಬಸವಪ್ರಸಾದನಿಗೆ ಅನ್ನಿಸಿತೋ, ಆ ಅನ್ನಿಸಿದ್ದನ್ನು ಅವನು ನೋಡಲಾರದೆ ಹೋದ. ಅದರ ಮೇಲೆ ಇನ್ನೊಂದನ್ನು, ಕೈಗೆ ಸಿಕ್ಕ ಬಟ್ಟೆಯನ್ನು ಎಳೆದು ಮುಚ್ಚುವಂತೆ, ಮುಚ್ಚಿದ.

"ಮೇಡಂ, ಅದು ಲಿಂಗ ಹಿಡಿಯೋ ಕೈ."

ಪ್ರೇರಣಾ ತಿರುಗಿದಳು.

"ನಮ್ಮಲ್ಲಿ ಎಡಗೈಯಲ್ಲಿ ಲಿಂಗ ಇಟ್ಕೊಂಡು ಪೂಜೆ ಮಾಡೋದು. ಎದೆಯ ಮಟ್ಟಕ್ಕೆ. ನೀವೇ ನೋಡಿ, ಅಂಗೈ ಹೆಂಗಿದೆ. ನೋವಾದಾಗ ನಾವು ನೋವನ್ನ ತಳ್ಳಲ್ಲ ಮೇಡಂ, ಲಿಂಗ ಹಿಡ್ಕೊತೀವಿ. ಅವನು ಹುಡುಕ್ತಿದಾನೆ." ಹೇಳುತ್ತಿದ್ದಂತೆ ಅವನ ದನಿ ನಡುಗಿತು. ನಡುಕ ನಿಜವಾದದ್ದಾಗಿತ್ತು. ಅದರಿಂದ ಮಾತಿಗೂ ನಿಜದ ಬಣ್ಣ ಬಂದದ್ದನ್ನು ಅವನು ಗಮನಿಸಿದ, ಗಮನಿಸಿ ಇನ್ನಷ್ಟು ನಡುಗಿದ.

ಅವಳು ಕೈಯನ್ನೇ ನೋಡುತ್ತಾ ನಿಂತಳು. "ನಾವೂ ಅದೇ ಸಾರ್. ದಾವಣಗೆರೆ ಕಡೆಯೋರು," ಎಂದಳು ಮೆಲ್ಲಗೆ. "ನಮ್ಮಜ್ಜನೂ ಕೊನೇಲಿ ಹಿಂಗೇ..." ಮುಂದಿನದನ್ನು ನುಂಗಿಕೊಂಡಳು. "ದಿನಾ ಮಾಡ್ತಿದ್ರಾ ಪೂಜೆ?"

"ದಿನಾ. ಎರಡು ಹೊತ್ತೂ."

"ಆದ್ರೆ ಬಂದ ದಿನ ಕತ್ತಲ್ಲಿ ಏನೂ ಇರಲಿಲ್ಲ. ಸಿಸ್ಟರ್ ವಾಚು ಉಂಗುರ ಕೊಟ್ಟಿದ್ದಾರೆ, ಅಷ್ಟೆ."

"ಶಿವದಾರ ಹರಿದಿತ್ತು. ಹೊಸದು ಹಾಕ್ಸೋಣ ಅಂತ ನನ್ನ ಹತ್ರ ಕೊಟ್ಟಿದ್ದ." ಬಸವಪ್ರಸಾದ ಗೌನಿನೊಳಗೆ ಕೈ ಹಾಕಿ, ಜೇಬಿನಿಂದ ಕರವಸ್ತ್ರ ತೆಗೆದು, ಬಿಡಿಸಿ, ಕರಡಿಗೆಯನ್ನು ಅಂಗೈ ಮೇಲಿಟ್ಟು ತೋರಿಸಿದ. ಅಂಗಡಿಯಲ್ಲಿ ಗಿರಾಕಿಗೆ ಬೆಳ್ಳಿ ನೋಡಿ ಎಂದು ತೋರಿಸುವ ಕೈ ಅದೇ. ಹಾಗಾದರೆ ಬೆಳಿಗ್ಗೆ ಇದಕ್ಕೇ ತಂದದ್ದು. ಲಕ್ಷ್ಮಮ್ಮ ಹೊಲದ ಕಥೆ ಹೇಳುವುದಕ್ಕೆ ಮುಂಚೆಯೇ, ತಟ್ಟೆಯಿಂದ ಎತ್ತಿಕೊಳ್ಳುವಾಗಲೇ, ಒಳಗೆಲ್ಲೋ ಈ ಸುಳ್ಳು ಎದ್ದು ಸ್ನಾನ ಮಾಡಿ ತಯಾರಾಗಿ ಕೂತಿತ್ತು. ಪ್ರೇರಣಾ ಅಭ್ಯಾಸಬಲದಿಂದ ಕರಡಿಗೆಗೆ ಕಣ್ಣು ಮುಚ್ಚಿ ಕೈ ಮುಗಿದಳು. ಅದನ್ನು ನೋಡಲಾಗದೆ ಅವನು ಮಾನಿಟರಿನ ಹಸಿರು ಗೆರೆಯನ್ನು ನೋಡಿದ.

"ಒಂದು ಕೆಲಸ ಮಾಡ್ತೀನಿ ಸಾರ್. ನಾನು ಐದು ಅಂತ ಹಾಕೋಕಾಗಲ್ಲ. ಆದ್ರೆ ಇದು ಬರೀ ಮಡಿಸಿಕೊಳ್ಳೋದಲ್ಲ, ಅವರಿಗೆ ದಿನಾ ರೂಢಿ ಇರೋ ಕೈ, ಅರ್ಥ ಇಟ್ಕೊಂಡು ಬರ್ತಿರಬಹುದು ಅಂತ ಸರ್ ಹತ್ರ ಹೇಳ್ತೀನಿ. ಹೇಳಿದ್ರೆ ಅವರೇ ಕೂತು ಇನ್ನೊಂದ್ಸಲ ನೋಡ್ತಾರೆ. ಅನುಮಾನ ಬಂತು ಅಂದ್ರೆ ಆಪರೇಷನ್ ಕಡೆಗೇ ವಾಲ್ತಾರೆ, ನನಗೆ ಗೊತ್ತು." ಅವಳು ಗೋಡೆಯ ಗಡಿಯಾರ ನೋಡಿದಳು. "ಒಂದೇ ಮಾತು, ಮೇಡಂನ ಕೇಳ್ಬೇಕು. ಮನೇಲಿ ಜೊತೆಗಿದ್ದೋರು ಅವರು. ಅವರೂ ಹೌದು ಅಂದ್ರೆ ಸರ್ ಮುಂದೆ ಧೈರ್ಯವಾಗಿ ಹೇಳಬಹುದು. ಬಂದ ತಕ್ಷಣ ಬಾಗಿಲ ಹತ್ರ ಕರೀರಿ."

ಹೊರಗೆ ಬಂದವನಿಗೆ ಗೌನು ಬಿಚ್ಚುವುದು ಮರೆತಿತ್ತು. ಲಕ್ಷ್ಮಮ್ಮ, "ಏನಂದ್ಲು? ಜಾಸ್ತಿಯಾಯ್ತಾ?" ಎಂದು ಕೇಳಿದಳು. ಅವನು ಆಗಬಹುದು ಎನ್ನುವಂತೆ ತಲೆ ಆಡಿಸಿದ. "ನಾನು ಹೇಳ್ಲಿಲ್ವಾ," ಎಂದಳು ಆಕೆ ಸಂತೋಷದಿಂದ. ಮೆಟ್ಟಿಲ ಕಡೆಯಿಂದ ಸಂಗೀತಾ ಔಷಧಿಯ ಕವರು ಹಿಡಿದು ಬರುತ್ತಿದ್ದಳು. ಲಿಫ್ಟಿಗೆ ಕಾಯದೆ ಹತ್ತಿ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು. ಅದೇ ನಿನ್ನೆಯ ಸೀರೆ. ಬಸವಪ್ರಸಾದ ಅವಳನ್ನು ಕಿಟಕಿಯ ಬಳಿಗೆ ಕರೆದ. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹೆಲ್ಮೆಟ್ಟುಗಳ ಸಾಲು, ಸಿಗ್ನಲ್ಲಿಗೆ ಕಾಯುತ್ತಾ. ಅದರಲ್ಲಿ ಒಬ್ಬ ಎಡಗೈಯಿಂದ ಜೇಬಿನ ಫೋನು ತೆಗೆದು ಹೆಲ್ಮೆಟ್ಟಿನೊಳಗೆ ತೂರಿಸಿಕೊಳ್ಳುತ್ತಿದ್ದ. ಬಸವಪ್ರಸಾದ ಕಿಟಕಿಗೆ ಬೆನ್ನು ಹಾಕಿ ನಿಂತ.

"ಡಾಕ್ಟ್ರು ಕೇಳ್ತಾರೆ. ಹೌದು ಅಂದ್ರೆ ಸಾಕು," ಎಂದು ಶುರು ಮಾಡಿದ. ಹೇಳುತ್ತಾ ಹೋದಂತೆ ಅವಳ ಮುಖದಲ್ಲಿ ಮೊದಲು ಆಸೆ ಹತ್ತಿಕೊಂಡದ್ದನ್ನು ಕಂಡ: ಆಪರೇಷನ್ ಆಗಬಹುದು, ಸರ್ ಕೂತು ನೋಡುತ್ತಾರೆ, ಅನುಮಾನ ಬಂದರೆ ಸಾಕು. ಅವಳ ತುಟಿ ತೆರೆದುಕೊಂಡಿತು. ಆಮೇಲೆ ಲಿಂಗದ ಮಾತು ಬಂತು. ಎರಡು ಹೊತ್ತೂ ಪೂಜೆ, ಹರಿದ ಶಿವದಾರ. ಅವಳ ಮುಖ ಹಾಗೇ ಇತ್ತು, ಆದರೆ ಅದರ ಹಿಂದಿನಿಂದ ಯಾರೋ ಎದ್ದು ಹೋದ ಹಾಗಾಯಿತು.

"ಅವರು ಲಿಂಗ ಬಿಟ್ಟು ಎಷ್ಟು ವರ್ಷ ಆಯ್ತು ಭಾವ."

"ಗೊತ್ತು."

"ಹೊಸ್ತಿಲ ಮೇಲೆ ನಿಂತು ನೀವು ಏನಂದ್ರಿ ಅದೂ ಗೊತ್ತಲ್ವಾ?"

ಅವಳು ಕವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ಆವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ. ಅಣ್ಣ ಅಂದಿದ್ದು ಸರಿಯೇ, ಅವನ ನಂಬಿಕೆಗೆ ಅದು ಸರಿ ಅಂದ್ರು. ನಿಮ್ಮ ಮೇಲೆ ಒಂದು ಮಾತು ಆಡ್ಲಿಲ್ಲ. ಹೊಲಿಗೆ ಮಿಷನ್ ಪಕ್ಕ ಎಲೆ ಹಾಕಿದಾಗ್ಲೂ, ಗಾಳಿ ಚೆನ್ನಾಗಿ ಬರುತ್ತೆ ಕಣೆ ಇಲ್ಲಿ ಅಂದ್ರು. ಒಂದು ವಿಷಯಕ್ಕೆ ಅಷ್ಟೆಲ್ಲ ಸಹಿಸ್ಕೊಂಡ್ರಲ್ಲ ಭಾವ. ಆ ಒಂದನ್ನೇ ಈಗ ನಾನು ಅಳಿಸಿ ಹಾಕ್ಲಾ?"

"ಬದುಕ್ಲಿ ಸಂಗೀತಾ. ಬದುಕಿದ್ರೆ ಅವನೇ ಬಂದು ನನಗೆ ಛೀಮಾರಿ ಹಾಕ್ಲಿ. ನಾನೇ ಎಲೆ ಹಾಕಿ ಪಂಕ್ತಿಯಲ್ಲಿ ಕೂರಿಸ್ತೀನಿ. ಈಗ ಒಂದು ಮಾತು."

"ಕೈ ಯಾಕೆ ಅಲ್ಲಿಗೆ ಬರುತ್ತೆ ಅಂತ ನನಗೆ ಗೊತ್ತಿಲ್ಲ," ಎಂದಳು ಅವಳು. ಅವನ ಮುಖವನ್ನಲ್ಲ, ಗೌನಿನ ಕೆಳಗೆ ಅವನ ಅಂಗಿಯ ಜೇಬಿದ್ದ ಜಾಗವನ್ನು ನೋಡುತ್ತಾ ಹೇಳಿದಳು: "ಡಾಕ್ಟರಿಗೆ ಹೇಳಲೇಬೇಕು ಅಂದ್ರೆ ಫೋನಿನ ವಿಷಯ ಹೇಳೋಣ. ಹಣ್ಣಿನವನು ನನ್ನ ಹತ್ರಾನೂ ಮಾತಾಡಿದ್ದಾನೆ. ಗಾಡಿ ಓಡಿಸ್ತಾ ಜೇಬಿಂದ ಫೋನ್ ತೆಗೀತಿದ್ರು, ಎಡಗೈಲಿ, ಕೈ ಈಗಲೂ ಅದನ್ನೇ ಮಾಡ್ತಿರಬಹುದು ಅಂತ ಹೇಳೋಣ. ಅದೂ ಅರ್ಥ ಇರೋ ಕೈಯೇ ಅಲ್ವಾ? ಅದಾದ್ರೆ ನಡೆದಿದ್ದು. ಯಾರ ಕಾಲ್ ಬರ್ತಿತ್ತು ಅಂತ ಅವರು ಕೇಳಿದ್ರೆ ನೀವೇ ಹೇಳಿ. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಬಸವಪ್ರಸಾದನಿಗೆ ಹಜಾರದ ಸದ್ದೆಲ್ಲ ಒಮ್ಮೆಗೇ ದೂರ ಹೋಯಿತು. ಹೇಳಬಹುದಿತ್ತು. ಹೇಳಿದರೆ ಆ ಹುಡುಗಿ ಸರ್ ಹತ್ತಿರ ಹೋಗಿ ಅಷ್ಟೇ ಧೈರ್ಯದಿಂದ ಹೇಳುತ್ತಿದ್ದಳು. ನಿಜಕ್ಕೂ ಸುಳ್ಳಿಗೂ ಅಲ್ಲಿ ಒಂದೇ ಅಂಕ. ಆದರೆ ಆ ಕೈ ನಾಲ್ಕು ದಿನದಿಂದ, ಒತ್ತಿದಾಗಲೆಲ್ಲ, ನೋವಾದಾಗಲೆಲ್ಲ, ಅಣ್ಣನ ಫೋನು ಎತ್ತಿಕೊಳ್ಳಲು ಏಳುತ್ತಿದೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ, ಅದು ನಿಜವಾಗಿಬಿಡುತ್ತದೆ. ಬದುಕಿದರೂ ನಿಜ, ಸತ್ತರೂ ನಿಜ. ಬಾ ಎನ್ನಲಿಕ್ಕಲ್ಲ, ಬರಬೇಡ ಎನ್ನಲಿಕ್ಕೆ ಮಾಡಿದ ಫೋನು. ಲಿಂಗವೇ ಇರಲಿ. ಲಿಂಗ ತಡೆದುಕೊಳ್ಳುತ್ತದೆ.

"ಅದು ಬೇಡ," ಎಂದ. "ಅದೊಂದು ಬೇಡ. ಲಿಂಗದ್ದೇ ಹೇಳು."

ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಐಸಿಯು ಬಾಗಿಲು ಅರ್ಧ ತೆರೆದು ಪ್ರೇರಣಾ ತಲೆ ಹೊರಗೆ ಹಾಕಿದಳು. "ಮೇಡಂ, ಬರ್ತೀರಾ? ಸರ್ ಬಂದ್ರು." ಹಜಾರದ ಆ ತುದಿಯಲ್ಲಿ ದೊಡ್ಡ ಡಾಕ್ಟರು ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತಾ ಬರುತ್ತಿದ್ದರು. ಬಸವಪ್ರಸಾದ, ಐವತ್ತು ದಾಟಿದವನು, ಆ ಮನೆಯ ಹಿರಿಯ, ಹಸಿರು ಗೌನಿನ ಲಾಡಿಗಳು ಎರಡೂ ಕಡೆ ಜೋತಾಡುತ್ತಿರುವಂತೆ ಬಾಗಿ ತಮ್ಮನ ಹೆಂಡತಿಯ ಪಾದಕ್ಕೆ ಕೈ ಚಾಚಿದ. ಲಕ್ಷ್ಮಮ್ಮ ಕುರ್ಚಿಯಿಂದ ಅರ್ಧ ಎದ್ದಳು. ಸಂಗೀತಾ ಹಿಂದೆ ಸರಿದಳು. ಕವರಿನಿಂದ ಒಂದು ಔಷಧಿಯ ಬಾಟಲು ನೆಲಕ್ಕೆ ಬಿದ್ದು, ಒಡೆಯದೆ, ಕುರ್ಚಿಗಳ ಕೆಳಗೆ ಉರುಳಿಕೊಂಡು ಹೋಯಿತು.

"ನಿನ್ನ ಕಾಲು ಹಿಡ್ಕೋತೀನಮ್ಮ. ಹೌದು ಅನ್ನು. ಒಂದೇ ಮಾತು."

"ಏಳಿ ಭಾವ." ಅವಳ ದನಿ ಒಡೆದಿತ್ತು, ಆದರೆ ಮಾತು ಒಡೆದಿರಲಿಲ್ಲ. "ಆಪರೇಷನ್ ಮಾಡಿ ಅಂತ ನಾನೂ ಅವರ ಕಾಲು ಹಿಡೀತೀನಿ. ಹತ್ತೊಂಬತ್ತಲ್ಲ, ನೂರಕ್ಕೆ ಒಂದೇ ಇದ್ರೂ ಮಾಡಿ ಅಂತ ಇಲ್ಲೇ ಬಿದ್ಕೊಂಡು ಕೇಳ್ತೀನಿ. ಇದನ್ನ ಮಾತ್ರ ನಾನು ಹೇಳಲ್ಲ."